ಎಡತುದಿಯಲ್ಲಿ ಯಾರು ನಿಲ್ಲಬೇಕು

ನನ್ನ ಬಳಿ ಇದ್ದದ್ದು ಒಂದೇ ಬೆಲ್ಟು. ಸೊಂಟಕ್ಕೆ ಕಟ್ಟುವ ಕಪ್ಪು ಎಲಾಸ್ಟಿಕ್ ಪಟ್ಟಿ, ಬೆನ್ನಿನ ಕಡೆ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್. ಒಬ್ಬರು ಕಟ್ಟಿ ಬಿಚ್ಚಿದ ಮೇಲೆ ಅದನ್ನು ಆಲ್ಕೋಹಾಲಿನಿಂದ ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮಾರನೆಯ ದಿನದವರೆಗೆ ಮುಟ್ಟಬಾರದು ಎಂದು ವಿಶ್ವವಿದ್ಯಾಲಯದ ಸೋಂಕು ತಡೆ ನಿಯಮಗಳಲ್ಲಿ ಬರೆದಿತ್ತು. ಹಾಗಾಗಿ ದಿನಕ್ಕೆ ಒಬ್ಬ ಆಟಗಾರ. ನಾನು ಮಾಡಿದ ತಪ್ಪು ಆ ನಿಯಮದಿಂದ ಹುಟ್ಟಿತು ಎಂದು ಹೇಳಿಕೊಂಡು ಪಾರಾಗಬಹುದಿತ್ತು. ಆದರೆ ದಿನಕ್ಕೆ ಒಬ್ಬರನ್ನೇ ಅಳೆಯಿರಿ ಎಂದಿತ್ತೇ ಹೊರತು, ಒಬ್ಬರನ್ನು ಅಳೆದರೆ ಸಾಕು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ.

ಅದು 2020. ಜಪಾನಿನ ಕಾವಾಸಾಕಿ ನಗರದ ಹತ್ತಿರದ ವಿಶ್ವವಿದ್ಯಾಲಯವೊಂದರಲ್ಲಿ, ಮನುಷ್ಯರ ಚಲನೆಯನ್ನು ಅಳೆಯುವ ಲ್ಯಾಬಿನಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದೆ. ನನ್ನ ವಿಷಯ ವಯಸ್ಸಾದವರ ನಡಿಗೆ. ಆ ವರ್ಷ ವಯಸ್ಸಾದವರನ್ನು ಲ್ಯಾಬಿಗೆ ಕರೆಯುವುದು ಯೋಚಿಸಲೂ ಆಗದ ಮಾತಾಗಿತ್ತು. ನಾಲ್ಕು ತಿಂಗಳು ಕೋಣೆಯಲ್ಲಿ ಕುಳಿತು ಹಳೆಯ ಅಂಕಿಗಳನ್ನೇ ತಿರುವಿ ಹಾಕಿದೆ. ಬೇಸಿಗೆ ಇಳಿಯುವ ಹೊತ್ತಿಗೆ ಪ್ರೊಫೆಸರ್ ವಿಡಿಯೊ ಕರೆಯಲ್ಲಿ, ಬಯಲಿನಲ್ಲಿ ಚಲಿಸುವ ಜನ ಸಿಕ್ಕಿದ್ದಾರೆ, ಹೋಗಿ ಅಳೆಯಿರಿ ಎಂದರು. ನಮ್ಮದೇ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿನವರು ಲ್ಯಾಬಿನ ಸಹಾಯ ಕೇಳಿದ್ದರಂತೆ. ಒಂದು ಅಧ್ಯಾಯಕ್ಕೆ ಆಗುವಷ್ಟು ಡೇಟಾ ಸಿಗಬಹುದು ಎಂಬ ಆಸೆಯಿಂದ ಒಪ್ಪಿಕೊಂಡೆ.

ಆ ಆಟ ನನಗೆ ಗೊತ್ತಿರಲಿಲ್ಲ. ಕಲಿತಷ್ಟನ್ನು ಇಲ್ಲಿ ಹೇಳುತ್ತೇನೆ. ಚೆಂಡು ಎಸೆಯುವವನು ಹಿಂದೆ ನಿಲ್ಲುತ್ತಾನೆ. ಅವನ ಮುಂದೆ ಐದು ಜನ ದೊಡ್ಡ ಮೈಯವರು ಸಾಲಾಗಿ ಬಾಗಿ ನಿಲ್ಲುತ್ತಾರೆ. ಅದಕ್ಕೆ ಲೈನ್ ಎನ್ನುತ್ತಾರೆ. ನಡುವಿನವನು ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಟ್ಟ ಕ್ಷಣದಿಂದ ಮೂರು ನಾಲ್ಕು ಸೆಕೆಂಡು, ಎದುರು ತಂಡದವರು ಎಸೆಯುವವನ ಮೇಲೆ ಬೀಳದಂತೆ ತಡೆಯುವುದು ಈ ಐವರ ಕೆಲಸ. ಅವರು ಚೆಂಡನ್ನು ಮುಟ್ಟುವುದು ಅಪರೂಪ. ಚೆನ್ನಾಗಿ ಆಡಿದ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಲಿನ ಎಡತುದಿಯವನಿಗೆ ಲೆಫ್ಟ್ ಟ್ಯಾಕಲ್ ಎಂದು ಹೆಸರು. ಬಲಗೈಯಿಂದ ಎಸೆಯುವವನಿಗೆ ಎಡಗಡೆ ಬೆನ್ನಾಗಿರುತ್ತದೆ. ಆ ಬೆನ್ನನ್ನು ಕಾಯುವವನು ಇವನೇ. ಇವನ ಪಕ್ಕ, ಒಳಗಡೆ ನಿಲ್ಲುವವನು ಲೆಫ್ಟ್ ಗಾರ್ಡ್.

ಹಿಂದಿನ ವರ್ಷ ಎಡತುದಿಯಲ್ಲಿ ಆಡಿದವನು, ಮನೆಯಲ್ಲಿ ವಯಸ್ಸಾದ ಅಜ್ಜಿ ಇದ್ದಾರೆಂದು ಆಡುವುದನ್ನೇ ಬಿಟ್ಟಿದ್ದ. ಆ ಜಾಗಕ್ಕೆ ಇಬ್ಬರಿದ್ದರು. ಅವರನ್ನು ಹಿರಿಯ, ಕಿರಿಯ ಎಂದೇ ಕರೆಯುತ್ತೇನೆ. ಹಿರಿಯ ನಾಲ್ಕನೆಯ ವರ್ಷದವನು, ಲೈನಿನ ನಾಯಕ. ಮೂರು ವರ್ಷ ಬೆಂಚಿನಲ್ಲಿ ಕಾದಿದ್ದ. ಮುಂದಿನ ಏಪ್ರಿಲಿನಿಂದ ಹಮಾಮತ್ಸುವಿನ ಒಂದು ಬಿಡಿಭಾಗಗಳ ಕಂಪನಿಯಲ್ಲಿ ಕೆಲಸ. ಆಮೇಲೆ ಈ ಆಟವಿಲ್ಲ. ಕಿರಿಯ ಎರಡನೆಯ ವರ್ಷದವನು, ಹೈಸ್ಕೂಲಿನವರೆಗೆ ಜೂಡೊ ಆಡಿದವನು, ಹಿರಿಯನಿಗಿಂತ ಒಂದು ತಲೆ ಎತ್ತರ. ಕೊಂಬಿನಿ ಎಂಬ, ಹಗಲಿರುಳು ತೆರೆದಿರುವ ಅಂಗಡಿಯ ಅನ್ನದುಂಡೆಗಳನ್ನು ಎರಡೇ ತುತ್ತಿಗೆ ಮುಗಿಸುತ್ತಿದ್ದ. ಆ ವರ್ಷದ ಪಂದ್ಯಾವಳಿ ಮೊಟಕಾಗಿತ್ತು. ಸೋತರೆ ಅಲ್ಲಿಗೆ ಮುಗಿಯಿತು. ಅಂದರೆ ಹಿರಿಯನಿಗೆ ಜೀವಮಾನದಲ್ಲಿ ಒಂದೇ ಒಂದು ಪಂದ್ಯ ಸಿಗಬಹುದು, ಅಥವಾ ಅದೂ ಇಲ್ಲ.

ಮೈದಾನ ನದಿಯ ದಂಡೆಯಲ್ಲಿತ್ತು. ಬೆಳಗಿನ ಆರು ಗಂಟೆಗೆ ನಾನು ಹೋಗುವಾಗ ಆಚೆ ದಡ ಕಾಣುತ್ತಿರಲಿಲ್ಲ. ಮಂಜಿನೊಳಗೆ ಸೇತುವೆಯ ಅರ್ಧ ಮಾತ್ರ ಇರುತ್ತಿತ್ತು, ಅದರ ಮೇಲೆ ಖಾಲಿ ರೈಲೊಂದು ಇಲ್ಲದ ಕಡೆಗೆ ಹೋಗಿ ಕರಗುತ್ತಿತ್ತು. ಸೋಂಕಿನ ಭಯಕ್ಕೆ ಅಭ್ಯಾಸದಲ್ಲಿ ಕೂಗುವಂತಿರಲಿಲ್ಲ. ಸಾಮಾನ್ಯವಾಗಿ ಚೆಂಡನ್ನು ಯಾವಾಗ ಕೊಡಬೇಕೆಂದು ಎಸೆಯುವವನು ಕೂಗಿ ಲೆಕ್ಕ ಹೇಳುತ್ತಾನಂತೆ. ಇಲ್ಲಿ ಅವನು ಒಂದು ಕಾಲನ್ನು ಮೆಲ್ಲಗೆ ಎತ್ತಿ ಇಳಿಸುತ್ತಿದ್ದ. ಆಮೇಲೆ ಚೆಂಡು ಚಲಿಸುತ್ತಿತ್ತು, ದೊಡ್ಡ ಮೈಗಳು ಚಲಿಸುತ್ತಿದ್ದವು. ಹುಲ್ಲಿನ ಮೇಲೆ ಶೂಗಳ ಸದ್ದು, ಉಸಿರು, ಅಷ್ಟೆ. ಯಾರೋ ಕಾಣುತ್ತಿರುವ ಕನಸಿನ ಅಂಚಿನಲ್ಲಿ ನಿಂತು ನೋಡುತ್ತಿದ್ದೇನೆ, ಎಚ್ಚರಾದರೆ ಇವರೆಲ್ಲ ಇರುವುದಿಲ್ಲ ಎಂದು ಎಷ್ಟೋ ಬೆಳಿಗ್ಗೆ ಅನ್ನಿಸಿತು.

ಆಟಗಾರರು ನನ್ನನ್ನು ಬೆರುತೋ ಸಾನ್ ಎಂದು ಕರೆಯುತ್ತಿದ್ದರು. ಜಪಾನಿಯರ ನಾಲಿಗೆಯಲ್ಲಿ ಬೆಲ್ಟ್ ಎಂಬುದು ಬೆರುತೋ, ಸಾನ್ ಎಂಬುದು ಹೆಸರಿಗೆ ಸೇರಿಸುವ ಮರ್ಯಾದೆ. ಅವರೊಡನೆ ನನ್ನ ಮಾತೆಲ್ಲ ಜಪಾನಿಯಲ್ಲೇ ನಡೆದದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲ ಮೂರು ವಾರ ಮೈಗೆ ಮೈ ತಾಗುವ ಅಭ್ಯಾಸಕ್ಕೆ ಅನುಮತಿ ಇರಲಿಲ್ಲ. ಒಬ್ಬೊಬ್ಬರಾಗಿ ನಿಂತು, ಚೆಂಡು ಚಲಿಸಿದ ಕೂಡಲೇ ಓರೆಯಾಗಿ ಹಿಂದಕ್ಕೆ ಜಾರುವ ಹೆಜ್ಜೆಗಳನ್ನು ಹಾಕುತ್ತಿದ್ದರು. ಎಡತುದಿಯವನಿಗೆ ಅದೇ ಮುಖ್ಯ ಹೆಜ್ಜೆ: ಹೊರಗಿನಿಂದ ಸುತ್ತಿ ಬರುವ ಎದುರಾಳಿಗಿಂತ ಮೊದಲು ಹಿಂದೆ ಸೇರಿ ದಾರಿ ಮುಚ್ಚಬೇಕು. ನಾನು ಎರಡು ಸಂಗತಿ ಅಳೆದೆ. ಚೆಂಡು ಚಲಿಸಿದ ಮೇಲೆ ಸೊಂಟ ಚಲಿಸಲು ಎಷ್ಟು ಹೊತ್ತು, ಮೊದಲ ಮೂರು ಹೆಜ್ಜೆಗಳಲ್ಲಿ ಎಷ್ಟು ದೂರ. ದಿನಕ್ಕೆ ಒಬ್ಬ, ಒಬ್ಬನಿಗೆ ಹನ್ನೆರಡು ಬಾರಿ. ಒದ್ದೆ ಹುಲ್ಲು, ಒಣ ಹುಲ್ಲು ಎರಡರಲ್ಲೂ. ಎರಡರಲ್ಲೂ ಕಿರಿಯನೇ ಮುಂದೆ. ಸ್ವಲ್ಪ ಅಲ್ಲ, ಸ್ಪಷ್ಟವಾಗಿ. ಅವನ ಗೆರೆ ನನ್ನ ಪರದೆಯ ಮೇಲೆ ಬಿಲ್ಲಿನಿಂದ ಬಿಟ್ಟಂತೆ ಏಳುತ್ತಿತ್ತು. ಹಿರಿಯನದು ಹಾಸಿಗೆಯಿಂದ ಏಳುವವನ ಹಾಗೆ.

ಆಯ್ಕೆಯ ಮೀಟಿಂಗ್ ವಿಡಿಯೊದಲ್ಲಿ ನಡೆಯಿತು. ಲೈನಿನ ಕೋಚ್ ಇದೇ ಕ್ಲಬ್ಬಿನ ಹಳೆಯ ವಿದ್ಯಾರ್ಥಿ. ವಾರವಿಡೀ ಕಾವಾಸಾಕಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ, ಕೆಲಸಕ್ಕೆ ಮುಂಚೆ ಮತ್ತು ರಜೆಯಲ್ಲಿ ಇಲ್ಲಿ. ಲೈನಿನ ವಿಷಯದಲ್ಲಿ ಅವರದೇ ಕೊನೆಯ ಮಾತು. ಆದರೆ ಆ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಯಾರು ಆಡಬೇಕು ಎಂದು ನಿರ್ಧರಿಸುವಾಗ ನಾಲ್ಕನೆಯ ವರ್ಷದ ನಾಯಕ ಕೂತಿರಲೇಬೇಕು, ತನ್ನದೇ ಜಾಗದ ಮಾತಾದರೂ ಸರಿ. ಹಾಗೆ ಹಿರಿಯ ತನ್ನ ಜಾಗದ ಚರ್ಚೆಗೆ ತಾನೇ ಟಿಪ್ಪಣಿ ಸಿದ್ಧಮಾಡಿಕೊಂಡು ಬಂದಿದ್ದ.

ಕೋಚಿಗೆ ಹಿರಿಯನೇ ಆಡಬೇಕೆಂಬ ಮನಸ್ಸಿತ್ತು. "ಆ ಹುಡುಗ ಜೋರಾಗಿದ್ದಾನೆ, ಸರಿ. ಆದ್ರೆ ಎದುರಿನವರು ಗೊಂದಲ ಮಾಡಿದಾಗ ತಲೆ ಓಡಲ್ಲ ಅವನಿಗೆ."

"ತಲೆ ನಾನು ಕಲಿಸಬಹುದು, ಕೋಚ್," ಎಂದ ಹಿರಿಯ. "ಕಾಲನ್ನ ನನಗೆ ಯಾರೂ ಕಲಿಸೋಕಾಗಲ್ಲ. ನಾಲ್ಕು ವರ್ಷ ಪ್ರಯತ್ನ ಮಾಡಿದೀನಿ."

"ಮೂರು ವರ್ಷ ಬೆಂಚು ಬಿಸಿ ಮಾಡಿದೀಯ. ಈಗ ಇನ್ನೂ ಬೆಚ್ಚಗಿದೆ ಅಂತ ಅಲ್ಲೇ ಕೂರ್ತೀನಿ ಅಂತೀಯಾ?"

ಹಿರಿಯ ನಕ್ಕ. "ಬೆರುತೋ ಸಾನ್ ಅವರ ಗೆರೆ ನೋಡಿ ಒಂದ್ಸಲ."

ನಾನು ಗೆರೆ ತೋರಿಸಿದೆ. ಬಣ್ಣ ಹಾಕಿ, ಸರಾಸರಿ ಗುರುತು ಮಾಡಿ, ಅಚ್ಚುಕಟ್ಟಾಗಿ ತಯಾರಿಸಿದ್ದೆ. ಕೋಚ್ ಬಹಳ ಹೊತ್ತು ನೋಡಿದರು. "ಇಷ್ಟು ವ್ಯತ್ಯಾಸವಾ?" ಎಂದು ಕೇಳಿದರು. ಹೌದು ಎಂದೆ. "ಅನುಮಾನ ಇಲ್ವಾ?" ಇಲ್ಲ ಎಂದೆ. ಆ 'ಇಲ್ಲ' ಎಷ್ಟು ಸಲೀಸಾಗಿ ಬಾಯಿಂದ ಬಂತು ಎಂಬುದು ಈಗಲೂ ನೆನಪಿದೆ. ಕಿರಿಯ ಆಡುವುದೆಂದು ತೀರ್ಮಾನವಾಯಿತು. ಹಿರಿಯ ಎಲ್ಲರಿಗೂ ಧನ್ಯವಾದ ಹೇಳಿ, ವಾಕ್ಯ ಮುಗಿಯುವ ಮೊದಲೇ ತನ್ನ ಕ್ಯಾಮೆರಾ ಆರಿಸಿದ. ಕಪ್ಪು ಚೌಕದಿಂದ ಉಳಿದ ಮಾತು ಕೇಳಿಸಿತು.

ಪಂದ್ಯಕ್ಕೆ ಹದಿನಾರು ದಿನ ಇರುವಾಗ ಐವರೂ ಒಟ್ಟಿಗೆ ನಿಂತು, ಎದುರಾಳಿಗಳಾಗಿ ನಿಂತ ತಮ್ಮ ಕ್ಲಬ್ಬಿನವರೊಡನೆ ಮೈ ತಾಗಿಸಿ ಅಭ್ಯಾಸ ಮಾಡಲು ಅನುಮತಿ ಬಂತು. ಮೊದಲ ದಿನವೇ ಎಡಗಡೆ ಸೋರಿತು. ಎದುರಿನ ಇಬ್ಬರು ನೇರ ನುಗ್ಗದೆ ಕತ್ತರಿಯ ಹಾಗೆ ಅಡ್ಡ ದಾಟುತ್ತಿದ್ದರು: ಹೊರಗಿನವನು ಒಳಗೆ, ಒಳಗಿನವನು ಹೊರಗೆ. ಆಗ ಟ್ಯಾಕಲ್ ಮತ್ತು ಗಾರ್ಡ್ ತಮ್ಮ ತಮ್ಮ ಎದುರಾಳಿಯನ್ನು ಒಬ್ಬರಿಗೊಬ್ಬರು ದಾಟಿಸಿಕೊಳ್ಳಬೇಕು. ಪ್ರತಿ ಸಲವೂ ಇಬ್ಬರ ನಡುವಿನಿಂದ ಒಬ್ಬ ನುಸುಳಿ ಬಂದ. ಎರಡನೆಯ ದಿನವೂ ಅದೇ. ಕೋಚ್ ಗಾರ್ಡನ ಮೇಲೆ ರೇಗಿದರು. ಗಾರ್ಡ್ ಮೂರನೆಯ ವರ್ಷದವನು, ತೀರ ಮಿತಭಾಷಿ. ಕೂಗುವಂತಿಲ್ಲವಾದ್ದರಿಂದ ಕೋಚ್ ಅವನ ಹತ್ತಿರ ಹೋಗಿ ಪಿಸುದನಿಯಲ್ಲಿ ಬೈದರು. ಪಿಸುದನಿಯ ಬೈಗುಳವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಅಜ್ಜಿ ಬಸ್ ಹತ್ತೋ ಹಾಗೆ ಹಿಂದೆ ಹೋಗ್ತೀಯಲ್ಲೋ. ಪಕ್ಕದವನು ಎಲ್ಲಿದಾನೆ, ನೀನೆಲ್ಲಿದೀಯ?"

ಗಾರ್ಡ್ ತಲೆ ಬಾಗಿಸಿ ಸುಮಿಮಾಸೆನ್, ಕ್ಷಮಿಸಿ, ಎಂದ. ಮೂರನೆಯ ದಿನ ಬೆಲ್ಟಿನ ಸರದಿ ಅವನದು. ನಾನು ಎರಡು ಮೀಟರ್ ದೂರದಿಂದ ಬೆಲ್ಟನ್ನು ಚಾಚಿದೆ, ಅವನು ಕಟ್ಟಿಕೊಳ್ಳುತ್ತ ನೆಲ ನೋಡಿಕೊಂಡು, ನನಗೆ ಹೇಳುತ್ತಿದ್ದಾನೋ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೋ ತಿಳಿಯದ ಹಾಗೆ ಅಂದ, "ಸೆಂಪಾಯ್ ಇದ್ದಾಗ ನಾನು ಪಕ್ಕಕ್ಕೆ ನೋಡ್ತಾನೇ ಇರಲಿಲ್ಲ."

ಸೆಂಪಾಯ್ ಎಂದರೆ ಹಿರಿಯ. ಏನರ್ಥ ಎಂದು ಕೇಳಿದೆ.

"ಕಳೆದ ವರ್ಷ ರಿಸರ್ವ್ ಟೀಮಲ್ಲಿ ಒಟ್ಟಿಗೆ ಆಡ್ತಿದ್ವಿ. ಅವರ ಒಳಗಿನ ಕೈ ನನ್ನ ಸೊಂಟಕ್ಕೆ ತಾಗ್ತಾ ಇರತ್ತೆ. ಅವರು ಎಷ್ಟು ಹಿಂದೆ ಇದಾರೆ ಅಂತ ನೋಡದೇನೇ ಗೊತ್ತಾಗತ್ತೆ."

"ಇದನ್ನ ಯಾಕೆ ಕೋಚಿಗೆ ಹೇಳಲಿಲ್ಲ?"

ಅವನು ಗಾಬರಿಯಿಂದ ನನ್ನ ಮುಖ ನೋಡಿದ. "ನಾನು ಮೂರನೇ ವರ್ಷ. ನಾಲ್ಕನೇ ವರ್ಷದವರು ಆಡಬೇಕಾ ಬೇಡ್ವಾ ಅಂತ ನಾನು ಹೇಗೆ ಹೇಳಲಿ?" ಬೆಲ್ಟು ಸರಿಯಾಗಿದೆಯೇ ಎಂದು ಕೇಳಿ ಹೋಗಿಬಿಟ್ಟ.

ಆ ದಿನ ಲ್ಯಾಬಿಗೆ ಹೋಗಿ ಕಿಟಕಿಯ ಪರದೆ ಎಳೆದು ವಿಡಿಯೊಗಳನ್ನು ತೆರೆದೆ. ಸಾಲಿನ ಹಿಂದಿನ ಕಬ್ಬಿಣದ ಅಟ್ಟದಿಂದ ತೆಗೆದವು. ಅಲ್ಲಿಯವರೆಗೆ ನಾನು ಟ್ಯಾಕಲನ್ನು ಮಾತ್ರ ನೋಡಿದ್ದೆ. ಈಗ ಅವನ ಪಕ್ಕದ ಖಾಲಿ ಜಾಗವನ್ನು ನೋಡಿದೆ. ಕಿರಿಯ ಹಿಂದಕ್ಕೆ ಜಾರಿದ ವೇಗ ಅದ್ಭುತವಾಗಿತ್ತು. ಮೂರನೆಯ ಹೆಜ್ಜೆಗೆ ಅವನು ಗಾರ್ಡಿಗಿಂತ ಒಂದು ಮೀಟರಿಗೂ ಹೆಚ್ಚು ಹಿಂದೆ ಇರುತ್ತಿದ್ದ. ಎದುರಿನವರು ಅಡ್ಡ ದಾಟುವಾಗ ಬಾಗಿಲು ತೆರೆದಂತೆ ಅಲ್ಲೊಂದು ಸಂದು. ನಾನು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಬಣ್ಣ ಹಾಕಿ ತೋರಿಸಿದ ದೂರವೇ ಆ ಸಂದಿನ ಅಗಲ. ಅಭ್ಯಾಸದ ಕೊನೆಯಲ್ಲಿ ಐದಾರು ಬಾರಿ ಹಿರಿಯ ಅದೇ ಗಾರ್ಡಿನ ಪಕ್ಕ ನಿಂತಿದ್ದ. ಅವನ ಒಳಗಿನ ಕೈ ಗಾರ್ಡಿನ ಸೊಂಟದ ಕಡೆಗೆ ಚಾಚಿರುತ್ತಿತ್ತು. ಅದಕ್ಕಾಗಿಯೇ ಹೆಜ್ಜೆ ನಿಧಾನ. ಆದರೆ ಇಬ್ಬರ ಸೊಂಟವೂ ಒಂದೇ ಮಟ್ಟದಲ್ಲಿ ಹಿಂದಕ್ಕೆ ಸರಿಯುತ್ತಿತ್ತು. ನೀರಿನ ಮೇಲಿನ ಒಂದೇ ಹಲಗೆಯ ಎರಡು ತುದಿಗಳಂತೆ.

ನನ್ನ ಅಂಕಿಗಳು ಸುಳ್ಳಾಗಿರಲಿಲ್ಲ. ಪ್ರಶ್ನೆ ತಪ್ಪಾಗಿತ್ತು.

ನನ್ನ ಪಕ್ಕದ ಮನೆಯಲ್ಲಿ ಬೆಂಗಳೂರಿನ ಒಬ್ಬ ಅಕ್ಕ ಇದ್ದರು. ಅವರ ಗಂಡ ಇಂಜಿನಿಯರ್. ಒಬ್ಬರ ಮನೆಗೆ ಒಬ್ಬರು ಹೋಗುವುದನ್ನು ಬಿಟ್ಟಿದ್ದ ಕಾಲ. ಬಾಲ್ಕನಿಗಳ ನಡುವಿನ ತೆಳು ಹಲಗೆಯ ಆಚೀಚೆ ನಿಂತು ಮಾತಾಡುತ್ತಿದ್ದೆವು. ಅವರ ಮುಖ ಕಾಣುತ್ತಿರಲಿಲ್ಲ. ಒಣಗಲು ಹಾಕಿದ ಬಟ್ಟೆಗಳ ನಡುವಿನಿಂದ ಕನ್ನಡ ಬರುತ್ತಿತ್ತು. ಆ ಶನಿವಾರ ಮಧ್ಯಾಹ್ನ ಅವರಿಗೆ ಎಲ್ಲ ಹೇಳಿದೆ. ನಾನು ಹಾಗೆ ಹೇಳಿಕೊಳ್ಳುವವಳಲ್ಲ. ಮುಖ ಕಾಣದಿದ್ದದ್ದು ಅನುಕೂಲವಾಯಿತು.

"ಅಯ್ಯೋ, ಇದು ಕಬಡ್ಡಿ ಚೈನ್ ಕಣೇ," ಎಂದರು ಅಕ್ಕ. "ನಾನು ಹೈಸ್ಕೂಲಲ್ಲಿ ಕಾರ್ನರ್ ಆಡ್ತಿದ್ದೆ. ಪಕ್ಕದವಳ ಕೈ ಹಿಡ್ಕೊಂಡು ನಿಲ್ಲೋದು. ನಾನು ಜೋರು ಅಂತ ಒಬ್ಳೇ ನುಗ್ಗಿದ್ರೆ ಅವಳು ಮುಗ್ಗರಿಸಿ ಬೀಳ್ತಿದ್ಲು. ಪಿ.ಟಿ. ಮೇಷ್ಟ್ರು ಬೈತಿದ್ದಿದ್ದು ನನಗೆ."

"ಇಲ್ಲಿ ಬೈಸ್ಕೊತಿರೋದು ಬಿದ್ದವನು, ಅಕ್ಕಾ."

"ಮತ್ತೆ ಹೋಗಿ ಹೇಳು."

"ಟೀಮ್ ಆಗ್ಲೇ ಅನೌನ್ಸ್ ಆಗಿದೆ. ಇಲ್ಲಿ ಒಂದ್ಸಲ ಡಿಸೈಡ್ ಆದ್ರೆ ಬದಲಾಯ್ಸಲ್ಲ. ಮೂರು ವಾರದ ಡೇಟಾನೂ ವೇಸ್ಟ್, ಚಾಪ್ಟರೂ ಹೋಗತ್ತೆ."

"ನಮ್ಮನೆಯವರು ಏನೂ ತಪ್ಪು ಮಾಡ್ದೇನೇ ದಿನಕ್ಕೆ ನಲವತ್ತು ಸಲ ಸುಮಿಮಾಸೆನ್ ಅಂತಾರೆ. ಲಿಫ್ಟ್‌ಗೂ ಅಂತಾರೆ. ನೀನು ತಪ್ಪು ಮಾಡಿ ಒಂದೇ ಒಂದ್ಸಲ ಅನ್ನಕ್ಕಾಗಲ್ವಾ?"

ಒಳಗಿನಿಂದ ಅವರ ಐದು ವರ್ಷದ ಮಗಳು "ಮಾಮಾ, ದಾರೆ?" ಎಂದು ಕೂಗಿದಳು. ಅಮ್ಮಾ, ಯಾರು ಎಂದು ಜಪಾನಿಯಲ್ಲಿ ಕೇಳುತ್ತಿದ್ದಾಳೆ. "ಆಂಟಿ ಕಣೇ. ಕನ್ನಡದಲ್ಲಿ ಕೇಳು," ಎಂದರು ಅಕ್ಕ. ಅವಳು, "ಆಂಟಿ, ಐ ಆಮ್ ಹಂಗ್ರಿ," ಎಂದಳು. ಇಬ್ಬರೂ ನಕ್ಕೆವು. ನಗುತ್ತಿದ್ದಾಗಲೇ ನನ್ನ ಮನಸ್ಸು ತೀರ್ಮಾನಕ್ಕೆ ಬಂದಿತ್ತು.

ಮಾರನೆಯ ಬೆಳಿಗ್ಗೆ ಮೈದಾನದ ಬದಿಯ ಮೆಟ್ಟಿಲುಗಳ ಮೇಲೆ, ಒಬ್ಬರಿಂದೊಬ್ಬರು ಎರಡು ಮೀಟರ್ ದೂರ ಕುಳಿತ ಕೋಚ್ ಮತ್ತು ಹಿರಿಯನ ಮುಂದೆ ನಿಂತು, ನನ್ನ ಅಳತೆ ತಪ್ಪು ಎಂದು ಹೇಳಿದೆ. ಗಾರ್ಡಿನ ಮಾತನ್ನು ಹೇಳಲಿಲ್ಲ. ಅದನ್ನು ಹೇಳುವ ಹಕ್ಕು ಅವನದು. ವಿಡಿಯೊದಲ್ಲಿ ಕಂಡದ್ದನ್ನಷ್ಟೇ ಹೇಳಿದೆ.

ಕೋಚ್ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಅನುಮಾನ ಇಲ್ವಾ ಅಂತ ಕೇಳಿದ್ದೆ."

"ಹೌದು. ಇಲ್ಲ ಅಂದಿದ್ದೆ. ತಪ್ಪಾಯಿತು."

ಹಿರಿಯ ನನ್ನನ್ನು ನೋಡುತ್ತಿದ್ದ. ಸಂತೋಷಪಡುತ್ತಾನೆ ಎಂದು ಎಲ್ಲೋ ಒಳಗೆ ಎಣಿಸಿದ್ದೆನೇನೋ. ಮಾಸ್ಕಿನ ಮೇಲಿನ ಅವನ ಕಣ್ಣುಗಳಲ್ಲಿ ಸಿಟ್ಟಿತ್ತು.

"ಬೆರುತೋ ಸಾನ್, ಒಂದು ಕೇಳ್ತೀನಿ. ನನ್ನ ಮೇಲೆ ಕನಿಕರ ಬಂದು ಇದನ್ನ ಹುಡುಕಿದ್ರಾ?"

ಆ ದೇಶದಲ್ಲಿ ನನ್ನನ್ನು ಯಾರೂ ಅಷ್ಟು ನೇರವಾಗಿ ಏನನ್ನೂ ಕೇಳಿರಲಿಲ್ಲ. ಅಲ್ಲ ಎಂದೆ.

"ನಾಲ್ಕನೇ ವರ್ಷದವನು, ಕೊನೇ ಪಂದ್ಯ, ಪಾಪ ಅಂತ ಎಲ್ರೂ ನೋಡ್ತಾರೆ. ಹಾಗೆ ಸಿಕ್ಕಿದ ಜಾಗದಲ್ಲಿ ನಿಂತ್ರೆ ನಾನು ಪಕ್ಕದವನ ಮುಖ ನೋಡೋಕಾಗಲ್ಲ."

ಕನಿಕರವೇ ಇರಲಿಲ್ಲ ಎಂದರೆ ಅದೂ ಪೂರ್ತಿ ನಿಜವಾಗುತ್ತಿರಲಿಲ್ಲ. ಮಂಜಿನಲ್ಲಿ ಒಬ್ಬನೇ ಹೆಜ್ಜೆ ಹಾಕುತ್ತಿದ್ದವನನ್ನು ನಾನು ಮೂರು ವಾರ ನೋಡಿದ್ದೆ. ಹಾಗಾಗಿ ಕೋಚಿಗೆ ಹೇಳಿದೆ: ಇಂದು ಏನನ್ನೂ ಬದಲಾಯಿಸಬೇಡಿ. ಎರಡು ದಿನ ಅದೇ ಗಾರ್ಡಿನ ಪಕ್ಕ ಇಬ್ಬರನ್ನೂ ನಿಲ್ಲಿಸಿ, ಎದುರಿನವರು ಒಂದೇ ರೀತಿ ನುಗ್ಗಲಿ. ಯಾರು ಯಾರೆಂದು ತಿಳಿಯದ ಹಾಗೆ ತೋರಿಸುತ್ತೇನೆ, ನೀವೇ ಆರಿಸಿ.

"ಮುಖ ಮುಚ್ಚಿದ್ರೂ ಆ ಹುಡುಗನ ಬೆನ್ನು ಯಾರಿಗೆ ಗೊತ್ತಾಗಲ್ಲ? ಫ್ರಿಜ್ ಇದ್ದ ಹಾಗಿದೆ," ಎಂದರು ಕೋಚ್.

"ಬೆನ್ನೂ ಕಾಣಿಸಲ್ಲ," ಎಂದೆ.

ಎರಡು ದಿನ ಅಭ್ಯಾಸ ನಡೆಯಿತು. ಆಮೇಲೆ ಮೂರು ದಿನ ನಾನು ವಿಡಿಯೊಗಳ ಒಂದೊಂದು ಫ್ರೇಮಿನಲ್ಲೂ ಟ್ಯಾಕಲಿನ ಸೊಂಟ, ಗಾರ್ಡಿನ ಸೊಂಟ ಎಂದು ಎರಡು ಜಾಗ ಕ್ಲಿಕ್ ಮಾಡುತ್ತ ಕುಳಿತೆ. ಸೆಕೆಂಡಿಗೆ ಅರವತ್ತು ಫ್ರೇಮು. ಕ್ಯಾಮೆರಾ ಅಲುಗಿದ್ದು, ಮುಂದೆ ಯಾರೋ ಅಡ್ಡ ಬಂದದ್ದು ಇವನ್ನು ಬಿಟ್ಟು ಉಳಿದ ಎಲ್ಲವನ್ನೂ ತೆಗೆದುಕೊಂಡೆ. ಕೊನೆಗೆ ಉಳಿದದ್ದು ಕಪ್ಪು ಪರದೆ, ಅದರ ಮೇಲೆ ಎರಡು ಬಿಳಿ ಚುಕ್ಕೆ. ಮಿಂಚುಹುಳಗಳ ಹಾಗೆ ಹೊತ್ತಿ, ಹಿಂದಕ್ಕೆ ತೇಲಿ, ಆರುತ್ತಿದ್ದವು. ಕ್ಲಿಕ್ ಮಾಡುತ್ತ ಮಾಡುತ್ತ ನನಗೇ ಯಾರು ಯಾರೆಂದು ಮರೆಯಿತು. ಒಂದು ಜೋಡಿಗೆ ಮೊದಲನೆಯದು, ಇನ್ನೊಂದಕ್ಕೆ ಎರಡನೆಯದು ಎಂದು ಹೆಸರಿಟ್ಟು, ಲ್ಯಾಬಿನ ಸಹಪಾಠಿಯಿಂದ ಅವುಗಳ ಕ್ರಮವನ್ನು ಹಿಂದುಮುಂದು ಮಾಡಿಸಿದೆ.

ಕ್ಲಬ್ಬಿನ ಕೋಣೆಯಲ್ಲಿ ಕಿಟಕಿಗಳನ್ನೆಲ್ಲ ತೆರೆದಿಟ್ಟು ತೋರಿಸಿದೆ. ಕೋಚ್, ಹಿರಿಯ, ಕಿರಿಯ, ಗಾರ್ಡ್. ಕಿರಿಯನನ್ನು ಕರೆಯಬೇಕೆಂದದ್ದು ಹಿರಿಯ. ಒಬ್ಬೊಬ್ಬರೂ ತಮಗೆ ಬೇಕಾದ ಜೋಡಿಯನ್ನು ಚೀಟಿಯಲ್ಲಿ ಬರೆಯಬೇಕು. ಚುಕ್ಕೆಗಳು ತೇಲಿದವು. ಒಂದು ಜೋಡಿಯಲ್ಲಿ ಒಂದು ಚುಕ್ಕೆ ಹಾರಿ ಹಿಂದೆ ಹೋಗುತ್ತಿತ್ತು, ಇನ್ನೊಂದು ಮುಂದೆಯೇ ಉಳಿಯುತ್ತಿತ್ತು. ಇನ್ನೊಂದು ಜೋಡಿ ಮೆಲ್ಲಗೆ, ಸಮನಾಗಿ. ನದಿಯ ಕಡೆಯ ಗಾಳಿ ಚೀಟಿಗಳನ್ನು ಎಬ್ಬಿಸುತ್ತಿತ್ತು.

ನಾಲ್ಕು ಚೀಟಿಯಲ್ಲೂ ಒಂದೇ ಉತ್ತರ. ಅದು ಹಿರಿಯನ ಜೋಡಿ. ಕಿರಿಯನೂ ಅದನ್ನೇ ಬರೆದಿದ್ದ.

ಕೋಚ್ ಅವನ ಕಡೆ ತಿರುಗಿ, "ನಿನಗೆ ಮುಂದಿನ ವರ್ಷ ಇದೆ," ಎಂದರು.

ಕಿರಿಯ ತನ್ನ ದೊಡ್ಡ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನೆಟ್ಟಗೆ ಕುಳಿತಿದ್ದ. "ಹೈ, ಸರಿ," ಎಂದ. ಆಮೇಲೆ, "ಸೆಂಪಾಯ್‌ಗೂ ಕಳೆದ ವರ್ಷ ಹಾಗೇ ಹೇಳಿದ್ರಿ, ಕೋಚ್. ಆಮೇಲೆ ಈ ವರ್ಷ ಬಂತು."

ಅವನು ಎದ್ದು ಹಿರಿಯನಿಗೆ ಬಾಗಿ, "ಒಂಬತ್ತು ದಿನ ಇದೆ. ಹೊರಗಿನಿಂದ ಸುತ್ತಿ ಬರೋ ವೇಗದ ಎದುರಾಳಿಯಾಗಿ ನಾನು ನಿಲ್ತೀನಿ. ನನ್ನನ್ನ ತಡೀರಿ," ಎಂದ. ಆ ಒಂಬತ್ತು ದಿನ ಅವನು ಹಾಗೇ ನಿಂತ.

ಹೊರಗೆ ಬರುವಾಗ ಹಿರಿಯ ನನ್ನ ಪಕ್ಕ ನಡೆದ. "ಚುಕ್ಕೆ ಮಾಡುವಾಗ ಯಾವ ವಿಡಿಯೊ ಬಿಡಬೇಕು, ಯಾವುದು ಇಟ್ಕೋಬೇಕು ಅಂತ ಆರಿಸಿದ್ದು ನೀವೇ ಅಲ್ವಾ?" ಎಂದು ಮೆಲ್ಲಗೆ ಕೇಳಿದ. ಹೌದು ಎಂದೆ. ಬಿಟ್ಟವುಗಳ ಪಟ್ಟಿಯನ್ನು ಕಾರಣದೊಂದಿಗೆ ಕಳಿಸಿದೆ. ಓದಿದೆ ಎಂದಷ್ಟೇ ಉತ್ತರ ಬಂತು.

ಪಂದ್ಯದ ದಿನ ಕ್ರೀಡಾಂಗಣದಲ್ಲಿ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ನೀಲಿ ಕುರ್ಚಿಗಳ ಸಾಲುಗಳ ಮೇಲೆ ಮೋಡದ ನೆರಳು ಹರಿದುಹೋಗುತ್ತಿತ್ತು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕ್ಯಾಮೆರಾ ಇಟ್ಟುಕೊಂಡು ನಾನೊಬ್ಬಳೇ. ಪಂದ್ಯದಲ್ಲಿ ಆಟಕ್ಕೆ ಬೇಕಾದಷ್ಟು ಕೂಗಬಹುದಿತ್ತು. ಐದಾರು ವಾರ ನೋಡಿದ ಈ ಜನಕ್ಕೆ ಧ್ವನಿ ಇದೆ ಎಂದು ಮೊದಲ ಬಾರಿ ತಿಳಿಯಿತು. ಎಸೆಯುವವನ ಕೂಗು ಖಾಲಿ ಕುರ್ಚಿಗಳಿಗೆ ಬಡಿದು, ಅಲ್ಲಿ ಇನ್ನೊಂದು ತಂಡ ಆಡುತ್ತಿರುವ ಹಾಗೆ ಮರಳಿ ಬರುತ್ತಿತ್ತು.

ಎದುರಿನವರು ಮೊದಲಿನಿಂದಲೂ ಕತ್ತರಿಯಂತೆ ಅಡ್ಡ ದಾಟಿದರು. ಹಿರಿಯ ಮತ್ತು ಗಾರ್ಡಿನ ನಡುವೆ ಯಾರೂ ನುಸುಳಲಿಲ್ಲ. ಪಂದ್ಯದ ನಾಲ್ಕು ಭಾಗಗಳಲ್ಲಿ ಮೂರನೆಯದರ ಹೊತ್ತಿಗೆ ಆ ಪ್ರಯತ್ನವನ್ನೇ ಬಿಟ್ಟರು. ಕೊನೆಯ ನಿಮಿಷದಲ್ಲಿ ನಮ್ಮವರು ನಾಲ್ಕು ಅಂಕ ಹಿಂದಿದ್ದರು; ಚೆಂಡು, ದಾಟಿದರೆ ಅಂಕ ಸಿಗುವ ಕೊನೆಯ ಗೆರೆಯ ಹತ್ತಿರವಿತ್ತು. ಎಸೆಯುವವನು ಕೈ ಎತ್ತಿದ. ಎಡಗಡೆಯಿಂದ, ಅವನ ಬೆನ್ನ ಹಿಂದಿನಿಂದ, ತೆಳ್ಳಗಿನ ಎದುರಾಳಿಯೊಬ್ಬ ಬಂದು ಆ ಕೈಗೆ ಹೊಡೆದ. ಚೆಂಡು ಹುಲ್ಲಿನ ಮೇಲೆ ಬಿತ್ತು, ಅದರ ಮೇಲೆ ಎದುರಿನ ಮೂವರು ಬಿದ್ದರು. ಸೀಟಿ ಕೇಳಿಸಿತು. ಆ ವರ್ಷ ಅಲ್ಲಿಗೆ ಮುಗಿಯಿತು.

ಮೇಲಿನ ಸಾಲಿನಲ್ಲೇ ಕುಳಿತು ಆ ಕೊನೆಯ ಕ್ಷಣಗಳನ್ನು ಕ್ಯಾಮೆರಾದಲ್ಲಿ ಹಿಂದಕ್ಕೆ ತಿರುಗಿಸಿ ನೋಡಿದೆ. ಅಭ್ಯಾಸ ಬಲ. ಎರಡು ಬಾರಿ ನೋಡಿ ಕೆಳಗಿಳಿದೆ.

ಮೈದಾನದ ಅಂಚಿನಲ್ಲಿ ಗಾರ್ಡ್ ಹೆಲ್ಮೆಟ್ ತೆಗೆಯದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಭುಜಗಳು ಅಲುಗುತ್ತಿದ್ದವು. ಕಿರಿಯ ಅವನ ಪಕ್ಕ ನೀರಿನ ಬಾಟಲಿ ಹಿಡಿದು ನಿಂತಿದ್ದ. ಹಿರಿಯ ನನ್ನ ಕಡೆ ಬಂದ. ಎರಡು ಮೀಟರ್ ದೂರದಲ್ಲಿ ನಿಂತು ಮಾಸ್ಕ್ ಹಾಕಿಕೊಂಡ.

"ಎದುರಾಳಿ ತನ್ನ ಪಕ್ಕದಿಂದ ಬಂದ ಅಂತ ಗಾರ್ಡ್ ಅಂದುಕೊಂಡಿದಾನೆ. ತಾನು ತಡ ಮಾಡಿದೆ ಅಂತ. ನನಗೂ ಸರಿಯಾಗಿ ಗೊತ್ತಾಗಲಿಲ್ಲ. ಬೆರುತೋ ಸಾನ್, ನೀವು ನೋಡಿದ್ರಾ?"

"ನೋಡಿದೆ."

"ತಡ ಮಾಡಿದ್ದು ಯಾರು?"

ಅವನ ಕೆನ್ನೆಯಲ್ಲಿ ಹುಲ್ಲಿನ ಹಸಿರು ಅಂಟಿತ್ತು. ಸುಳ್ಳು ಹೇಳುವುದು ಸುಲಭವಿತ್ತು. ಇನ್ನೊಮ್ಮೆ ನೋಡಿ ಹೇಳುತ್ತೇನೆ ಎಂದಿದ್ದರೂ ಆಗುತ್ತಿತ್ತು.

"ನೀವು," ಎಂದೆ. "ಎರಡನೆಯ ಹೆಜ್ಜೆ. ಎರಡು ಫ್ರೇಮ್ ತಡ. ಎದುರಾಳಿ ಹೊರಗಿನಿಂದ ಸುತ್ತಿ ಬಂದ. ಗಾರ್ಡ್ ಇರಬೇಕಾದಲ್ಲೇ ಇದ್ದ."

ಅವನು ಕಣ್ಣು ಮುಚ್ಚಿ ತೆರೆದ. ಮಾಸ್ಕ್ ಒಮ್ಮೆ ಒಳಕ್ಕೆ ಎಳೆದುಕೊಂಡು ಉಬ್ಬಿತು. ಅವನು ನಗುತ್ತಿದ್ದಾನೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹಾಗಾದ್ರೆ ಅವತ್ತು ನೀವು ಹೇಳಿದ್ದೂ ಕನಿಕರದ ಮಾತಲ್ಲ," ಎಂದ.

ಸೊಂಟದಿಂದ ಬಾಗಿ, ತಿರುಗಿ, ಗಾರ್ಡ್ ಕುಳಿತಿದ್ದ ಕಡೆಗೆ ಓಡಿದ. ದೂರದಿಂದಲೇ ಅವನ ಹೆಸರು ಕೂಗಿದ. ಎರಡು ಬೆರಳು ಎತ್ತಿ ತನ್ನ ಎದೆಯನ್ನು ತೋರಿಸಿಕೊಂಡು ಏನೋ ಹೇಳುತ್ತಿದ್ದ.